ಪುರವರಕ್ಕೆ 15 ಬೈಟು

ನೋಡಮ್ಮ, ಇಂಗ್ಲಿಷ್ ಹೆಸರು ಕೊಟ್ಟಾಗ ನಿನ್ನ ಸಿ ಪ್ರೋಗ್ರಾಮು ಪಟ್ಟಿಯನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತೆ. ನಮ್ಮ ಮಧುಗಿರಿ ತಾಲ್ಲೂಕಿನ ಪುರವರ, ಮಿಡಿಗೇಶಿಯಂಥ ಹೋಬಳಿಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟ ಕೂಡಲೇ ಕಾಲಂ ಸೊಟ್ಟಗಾಗುತ್ತೆ. ಪ್ರಿಂಟ್‌ಎಫ್‌ಗೆ ಕೊಡುವ ಅಗಲ ಅಕ್ಷರದ ಲೆಕ್ಕ ಅಂದುಕೊಂಡಿದ್ದೀಯ. ಅದು ಬೈಟಿನ ಲೆಕ್ಕ.

ಒಂದ್ಸಲ ಎಣಿಸಿ ನೋಡು. ಯೂನಿಕೋಡಿನಲ್ಲಿ ಪುರವರ ಅಂದರೆ ಪ, ಅದರ ಕೊಂಬು, ರ, ವ, ರ: 5 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಟ್ಟು 15. ಮಿಡಿಗೇಶಿಯೂ ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ 8 ಸಂಕೇತ, 24 ಬೈಟು. ಅಗಲ 20 ಅಂತ ಕೊಟ್ಟರೆ ಪುರವರದ ಮುಂದೆ 5 ಖಾಲಿ ಜಾಗ ಬೀಳುತ್ತೆ, ಮಿಡಿಗೇಶಿಯ ಮುಂದೆ ಒಂದೂ ಇಲ್ಲ.

ಕತ್ತರಿಸುವಾಗಂತೂ ಇನ್ನೂ ಹುಷಾರಾಗಿರಬೇಕು. ಚುಕ್ಕಿ ಹಾಕಿ 10ರ ಮಿತಿ ಕೊಟ್ಟೆಯೋ, ‘ಪುರ’ ಆದಮೇಲೆ ‘ವ’ದ ಮೊದಲ ಬೈಟು ಮಾತ್ರ ಉಳಿದು, ಪರದೆ ಮೇಲೆ ಪ್ರಶ್ನೆ ಗುರುತು ಕಾಣುತ್ತೆ. ಬಫರ್ ಸಾಲದಿದ್ದಾಗ ಎಸ್‌ಎನ್‌ಪ್ರಿಂಟ್‌ಎಫ್ ಕೂಡ ಹೀಗೇ ಕಡಿಯುತ್ತೆ. ಅದು ವಾಪಸ್ ಕೊಡುವ ಸಂಖ್ಯೆಯನ್ನು ಪ್ರತಿ ಸಲ ನೋಡು. ಕಡಿಯಲೇಬೇಕೆಂದರೆ, ಆ ಜಾಗದ ಬೈಟಿನ ಮೇಲಿನ ಎರಡು ಬಿಟ್ 1, 0 ಆಗಿದ್ದರೆ ಅದು ನಡುವಿನ ತುಂಡು, ಹಿಂದಕ್ಕೆ ಸರಿ. ಹಾಗಿಲ್ಲದ ಬೈಟು ಸಿಕ್ಕಾಗ ಅದರ ಮುಂಚೆ ಕಡಿ. ಆದರೂ ಗುಣಿತಾಕ್ಷರ, ಒತ್ತಕ್ಷರ ಮುರಿಯುವ ಭಯ ಇದ್ದೇ ಇದೆ. ಅದಕ್ಕೆ ಐಸಿಯು ಲೈಬ್ರರಿಯ ನೆರವು ತಗೋ.

ವೈಡ್ ಕ್ಯಾರೆಕ್ಟರಿಗೆ ಹೋದರೆ ಎಲ್ಲ ಸರಿಹೋಗುತ್ತೆ ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಲಿನಕ್ಸಿನಲ್ಲಿ ಅದು 32 ಬಿಟ್, ವಿಂಡೋಸಿನಲ್ಲಿ 16. ಡಬ್ಲ್ಯೂಪ್ರಿಂಟ್‌ಎಫ್‌ನಲ್ಲಿ ಶೇಕಡಾ ಗುರುತಿನ ಪಕ್ಕ ಬರೀ ಎಸ್ ಇದ್ದರೆ ಒಂದು ಕಡೆ ಒಂದರ್ಥ, ಇನ್ನೊಂದು ಕಡೆ ಇನ್ನೊಂದು. ಎರಡೂ ಕಡೆ ನಡೆಯಬೇಕಾದರೆ ಎಲ್‌ಎಸ್ ಅಂತಲೇ ಬರಿ. ಇಷ್ಟೆಲ್ಲ ಮಾಡಿದರೂ ಪುರವರ 5, ಮಿಡಿಗೇಶಿ 8 ಆಗೇ ಉಳಿಯುತ್ತೆ, ಕಾಲಂ ಸೊಟ್ಟಗೇ ಇರುತ್ತೆ.

ಅದಕ್ಕೇ ಹೇಳೋದು, ಅಂಕಿಗಳನ್ನು ಮೊದಲು ಮುದ್ರಿಸು, ಕನ್ನಡದ ಹೆಸರನ್ನು ಸಾಲಿನ ಕೊನೆಗಿಡು. ಅದರ ನಂತರ ಏನೂ ಇಲ್ಲದಿದ್ದರೆ ಸರಿಯೋದಕ್ಕೂ ಏನಿರಲ್ಲ. ಗೆರೆ ಹಾಕಿದ ಪಟ್ಟಿಯೇ ಬೇಕೆಂದರೆ ಎಚ್‌ಟಿಎಂಎಲ್ ಟೇಬಲ್ ಮಾಡಿಕೊಡು. ಫಾಂಟ್ ನೋಡಿ ಅಗಲ ಅಳೆಯೋದು ಬ್ರೌಸರಿಗೆ ಗೊತ್ತು.

ಇನ್ನೊಂದು, ಹೆಸರಿಗೆ ವಿಭಕ್ತಿಯನ್ನು ಪ್ರೋಗ್ರಾಮಿನಲ್ಲಿ ಅಂಟಿಸೋಕೆ ಹೋಗಬೇಡ. ಮಧುಗಿರಿಗೆ ‘ಗೆ’ ಹತ್ತುತ್ತೆ, ಪುರವರಕ್ಕೆ ‘ಕ್ಕೆ’ ಬೇಕು. ‘ಹೋಬಳಿ: ಪುರವರ’ ಅಂತ ಬಿಡಿಯಾಗಿ ಬರೆದರೆ ಯಾವ ಊರು ಬಂದರೂ ವಾಕ್ಯ ಕೆಡಲ್ಲ.