ಎಂಟು ಕೋಟಿ ವಸ್ತುಗಳ ನಡುವೆ ಒಂದು ದಿನ

ಲಂಡನ್ ನಗರದ ಸೌತ್ ಕೆನ್ಸಿಂಗ್‌ಟನ್ ಭಾಗದಲ್ಲಿರುವ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯವು ಜಗತ್ತಿನ ಬಹು ದೊಡ್ಡ ಸಂಗ್ರಹಾಲಯಗಳಲ್ಲೊಂದು. ಪ್ರಾಣಿ, ಸಸ್ಯ, ಶಿಲೆ, ಖನಿಜ, ಪಳೆಯುಳಿಕೆ ಇವೆಲ್ಲ ಸೇರಿ ಅದರ ಸಂಗ್ರಹದಲ್ಲಿರುವ ವಸ್ತುಗಳ ಸಂಖ್ಯೆ ಸುಮಾರು 8 ಕೋಟಿ. ಸೆಕೆಂಡಿಗೆ ಒಂದರಂತೆ ಹಗಲಿರುಳು ನೋಡುತ್ತ ಹೋದರೂ ಎಲ್ಲವನ್ನು ನೋಡಿ ಮುಗಿಸಲು ಎರಡೂವರೆ ವರ್ಷಗಳು ಬೇಕು. ನೋಡಹೋದವನ ಕೈಯಲ್ಲಿರುವುದಾದರೋ ಒಂದು ಹಗಲು ಮಾತ್ರ. ಎಲ್ಲವನ್ನೂ ಕಂಡುಬಿಡಬೇಕೆಂಬ ಆತುರದಿಂದ ಒಳಹೊಕ್ಕವನು ಕೊಠಡಿಯಿಂದ ಕೊಠಡಿಗೆ ಓಡಾಡಿ, ಕಾಲು ಸೋತು, ಒಂದನ್ನೂ ಸರಿಯಾಗಿ ನೋಡದೆ ಹಿಂದಿರುಗುತ್ತಾನೆ. ಆದುದರಿಂದ ಅಲ್ಲಿ ಏನನ್ನು ಬಿಡಬೇಕೆಂಬುದನ್ನು ಹೊರಡುವ ಮೊದಲೇ ನಿರ್ಧರಿಸಿಕೊಳ್ಳುವುದು ಜಾಣತನ.

ಈ ಸಂಗ್ರಹದ ಬಹುಪಾಲು ಪ್ರದರ್ಶನಕ್ಕೆ ಬರುವುದೇ ಇಲ್ಲ ಎಂಬುದೂ ತಿಳಿದಿರಬೇಕು. ಭಾರತದ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮನು ಪಕ್ಷಿಶಾಸ್ತ್ರದಲ್ಲಿಯೂ ಹೆಸರಾದವನು. ಕಾಂಗ್ರೆಸ್ಸು ಹುಟ್ಟಿದ 1885ರಲ್ಲಿಯೇ ಅವನು ತಾನು ಕೂಡಿಸಿದ್ದ ಪಕ್ಷಿಗಳ ಚರ್ಮ ಮತ್ತು ಮೊಟ್ಟೆಗಳನ್ನು ಈ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟನು. ಅವುಗಳ ಸಂಖ್ಯೆ 80,000ಕ್ಕೂ ಮಿಕ್ಕದ್ದು. ಆದರೆ ಅವನ್ನು ಕಾಣುವ ಆಸೆಯಿಂದ ಸೌತ್ ಕೆನ್ಸಿಂಗ್‌ಟನ್ನಿಗೆ ಹೋದ ಭಾರತೀಯನು ನಿರಾಶನಾಗುತ್ತಾನೆ. ಸಂಗ್ರಹಾಲಯದ ಪಕ್ಷಿ ಭಂಡಾರವಿರುವುದು ಲಂಡನ್ನಿನ ಹೊರಗೆ, ಟ್ರಿಂಗ್ ಎಂಬ ಊರಿನಲ್ಲಿ. ಅದು ವಿದ್ವಾಂಸರ ಅಧ್ಯಯನಕ್ಕಾಗಿ ಮೀಸಲು.

ಹೀಗಿರುವಾಗ ಒಂದು ದಿನವನ್ನು ಸಾರ್ಥಕಗೊಳಿಸುವ ಬಗೆ ಯಾವುದು? ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ, ಅದಕ್ಕೆ ಸಂಬಂಧಿಸಿದ ನಾಲ್ಕೈದು ವಸ್ತುಗಳ ಮುಂದೆ ಸಾವಕಾಶವಾಗಿ ನಿಲ್ಲುವುದು. ಜೀವಿಗಳು ಕಾಲಕ್ರಮದಲ್ಲಿ ಬದಲಾಗುತ್ತವೆಯೇ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಈ ಪ್ರಶ್ನೆಯ ಜಗಳವು ಅಲ್ಲಿಯ ಗೋಡೆಗಳಲ್ಲಿಯೇ ಅಚ್ಚೊತ್ತಿದೆ. 1881ರಲ್ಲಿ ಬಾಗಿಲು ತೆರೆದ ಈ ಭವ್ಯ ಕಟ್ಟಡವನ್ನು ರಚಿಸಿದವನು ಆಲ್ಫ್ರೆಡ್ ವಾಟರ್‌ಹೌಸ್. ಅದಕ್ಕಾಗಿ ಹಟಹಿಡಿದು ಹೋರಾಡಿದವನು ರಿಚರ್ಡ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞ. ಓವೆನ್ನನು ಡಾರ್ವಿನ್ನನ ವಿಕಾಸವಾದದ ವಿರೋಧಿ. ಅಳಿದುಹೋದ ಜೀವಿಗಳಿಗೂ ಬದುಕಿರುವ ಜೀವಿಗಳಿಗೂ ಬೆರಕೆಯಾಗಬಾರದೆಂದು ಅವನ ಇಚ್ಛೆ. ಅಂತೆಯೇ ಗೋಡೆಗಳ ಸುಟ್ಟಮಣ್ಣಿನ ಅಲಂಕಾರದಲ್ಲಿ ಪೂರ್ವ ಭಾಗಕ್ಕೆ ಅಳಿದ ಪ್ರಾಣಿಗಳೂ ಪಶ್ಚಿಮ ಭಾಗಕ್ಕೆ ಬದುಕಿರುವ ಪ್ರಾಣಿಗಳೂ ಬಂದವು. ಒಳಗೆ ಹೋಗುವ ಅವಸರದಲ್ಲಿ ಅನೇಕರು ಇದನ್ನು ಗಮನಿಸುವುದೇ ಇಲ್ಲ.

ನಡುವಣ ವಿಶಾಲ ಸಭಾಂಗಣದ ಮಾಳಿಗೆಯಿಂದ ನೀಲಿ ತಿಮಿಂಗಿಲದ ಅಸ್ಥಿಪಂಜರವೊಂದು ತೂಗುತ್ತಿದೆ. ಉದ್ದ 25 ಮೀಟರಿಗೂ ಹೆಚ್ಚು. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ತೀರದಲ್ಲಿ ಸಿಕ್ಕಿಬಿದ್ದ ಪ್ರಾಣಿಯದು, ಎಲುಬುಗಳು ನಿಜವಾದವು. 2017ಕ್ಕೆ ಮೊದಲು ಅದೇ ಸಭಾಂಗಣದಲ್ಲಿ ನಿಂತು ಜನಪ್ರಿಯವಾಗಿದ್ದ ಡಿಪ್ಲೊಡೋಕಸ್ ಕೇವಲ ಅಚ್ಚಿನಲ್ಲಿ ಎರಕ ಹೊಯ್ದ ಪ್ರತಿಕೃತಿ. 1905ರಲ್ಲಿ ಆಂಡ್ರೂ ಕಾರ್ನೆಗಿಯ ಕೊಡುಗೆಯಾಗಿ ಬಂದದ್ದು. ಪ್ರತಿಕೃತಿಯನ್ನು ನೋಡುವುದು ತಪ್ಪಲ್ಲ. ಆದರೆ ತಾನು ನೋಡುತ್ತಿರುವುದು ಮೂಲವೋ ಪ್ರತಿಕೃತಿಯೋ ಎಂಬುದನ್ನು ಪಕ್ಕದ ಫಲಕದಲ್ಲಿ ಓದಿಕೊಳ್ಳಬೇಕು.

ಸಭಾಂಗಣದ ಮೆಟ್ಟಿಲುಗಳ ಮೇಲೆ ಡಾರ್ವಿನ್ನನ ಅಮೃತಶಿಲೆಯ ವಿಗ್ರಹ ಕುಳಿತಿದೆ. ಅದನ್ನು ದಾಟಿ ಮೇಲಂತಸ್ತಿನ ಅಮೂಲ್ಯ ವಸ್ತುಗಳ ಕೊಠಡಿಗೆ ಹೋದರೆ ಒಂದು ಸುಣ್ಣಕಲ್ಲಿನ ಹಲಗೆ ಕಾಣಸಿಗುತ್ತದೆ. ಗಾತ್ರದಲ್ಲಿ ದೊಡ್ಡದಲ್ಲ. ಆದರೆ ದಿನದ ಅತಿ ಹೆಚ್ಚಿನ ಹೊತ್ತು ಸಲ್ಲಬೇಕಾದುದು ಇದಕ್ಕೇ. ಸುಮಾರು 15 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಆರ್ಕಿಯಾಪ್ಟೆರಿಕ್ಸ್ ಎಂಬ ಪ್ರಾಣಿ ಅದರಲ್ಲಿ ಮಲಗಿದೆ. ಅದಕ್ಕೆ ಹಕ್ಕಿಯಂತೆ ಗರಿಗಳಿವೆ, ಹಲ್ಲಿಯಂತೆ ಎಲುಬಿನ ಉದ್ದ ಬಾಲವಿದೆ, ರೆಕ್ಕೆಯಲ್ಲಿ ಉಗುರುಗಳಿವೆ. ಡಾರ್ವಿನ್ನನ ಗ್ರಂಥ ಪ್ರಕಟವಾದದ್ದು 1859ರಲ್ಲಿ; ಜರ್ಮನಿಯಲ್ಲಿ ದೊರೆತ ಈ ಕಲ್ಲು ಲಂಡನ್ನಿಗೆ ಬಂದದ್ದು 1862ರಲ್ಲಿ. ಸರೀಸೃಪಕ್ಕೂ ಪಕ್ಷಿಗೂ ನಡುವಣ ಕೊಂಡಿಯೆಂದು ವಿಕಾಸವಾದಿಗಳು ಎತ್ತಿ ತೋರಿಸಿದ ಈ ಸಾಕ್ಷ್ಯವನ್ನು ಸಂಗ್ರಹಾಲಯಕ್ಕಾಗಿ ಕೊಂಡು ತರಿಸಿದವನು ಬೇರಾರೂ ಅಲ್ಲ, ಓವೆನ್ನನೇ! ಅವನು ಅದನ್ನು ಪಕ್ಷಿಯೆಂದೇ ವರ್ಣಿಸಿದನು.

ಕೆಳಗಿಳಿದು ಪೂರ್ವದ ಕಡೆಗೆ ನಡೆದರೆ ಗೋಡೆಯುದ್ದಕ್ಕೂ ಕಡಲ ಸರೀಸೃಪಗಳ ಪಳೆಯುಳಿಕೆಗಳಿವೆ. ಅವುಗಳಲ್ಲಿ ನೀಳ ಕೊರಳಿನ ಪ್ಲೀಸಿಯೋಸಾರಸ್ ಒಂದನ್ನು ಹುಡುಕಿ ನೋಡಬೇಕು. ಲೈಮ್ ರೀಜಿಸ್ ಎಂಬ ಕಡಲೂರಿನ ಬಡಗಿಯೊಬ್ಬನ ಮಗಳು ಮೇರಿ ಆ್ಯನಿಂಗ್ ಅದನ್ನು 1823ರಲ್ಲಿ ಬಂಡೆಯಿಂದ ಬಿಡಿಸಿ ತೆಗೆದಳು. ಪಳೆಯುಳಿಕೆಗಳನ್ನು ಮಾರುವುದೇ ಆಕೆಯ ಜೀವನೋಪಾಯ. ಇದರ ಕೊರಳಿನ ಉದ್ದವನ್ನು ನೋಡಿ ಫ್ರಾನ್ಸಿನ ಮಹಾವಿಜ್ಞಾನಿ ಕುವ್ಯೇ ಮೊದಲು ಮೋಸವಿರಬಹುದೆಂದು ಶಂಕಿಸಿ, ಬಳಿಕ ತಪ್ಪನ್ನು ಒಪ್ಪಿಕೊಂಡನು. ಮರುವರ್ಷ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಇದರ ವರ್ಣನೆ ನಡೆದಾಗ, ಕಂಡುಹಿಡಿದವಳ ಹೆಸರನ್ನೇ ಎತ್ತಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಸಂಘದಲ್ಲಿ ಸದಸ್ಯತ್ವವೂ ಇರಲಿಲ್ಲ. ಚಿತ್ರ ಬರೆದುಕೊಳ್ಳಲು ಟಿಪ್ಪಣಿ ಪುಸ್ತಕ, ಸೀಸದಕಡ್ಡಿಗಳನ್ನು ತಂದಿರುವ ವಿದ್ಯಾರ್ಥಿಗೆ ಇಲ್ಲಿ ಕೆಲಸವುಂಟು. ಬರೆಯುವ ಕೈ ಕಣ್ಣನ್ನು ನಿಧಾನಗೊಳಿಸುತ್ತದೆ.

ಪ್ರವೇಶಕ್ಕೆ ಶುಲ್ಕವಿಲ್ಲ, ಮುಂಚಿತವಾಗಿ ಹೊತ್ತನ್ನು ಕಾದಿರಿಸಿಕೊಂಡರೆ ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ. ಮಕ್ಕಳು ಮೊದಲು ಓಡುವುದು ಡೈನೋಸಾರ್ ವಿಭಾಗಕ್ಕೆ. ಜನಸಂದಣಿಯೂ ಅಲ್ಲಿಯೇ ಹೆಚ್ಚು. ‘ಡೈನೋಸಾರ್’ ಎಂಬ ಹೆಸರನ್ನು 1842ರಲ್ಲಿ ಬಳಕೆಗೆ ತಂದವನು ಓವೆನ್ನನು. ಆ ಅಳಿದ ಪ್ರಾಣಿಗಳು ಇಂದು ಇರುವುದು, ಬದುಕಿರುವ ಜೀವಿಗಳಿಗೆಂದು ಅವನು ಮೀಸಲಿರಿಸಿದ್ದ ಪಶ್ಚಿಮ ಭಾಗದಲ್ಲಿ.