ಹತ್ತನೆಯ ದಿನಕ್ಕೆ ಕರೆತರಬೇಡಿ

ಮದ್ಯ ಹರಾಮ್ ಎಂಬುದನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕುಡಿಯುವವನಿಗೂ ಅದು ಗೊತ್ತಿದೆ. ಗೊತ್ತಿದ್ದೂ ಬಿಡಲಾಗದೆ ಒದ್ದಾಡುವವನ ಮನೆಯವರು ಏನು ಮಾಡಬೇಕು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೊಹಲ್ಲಾಗಳಲ್ಲಿ ಇಂಥ ಮನೆಗಳಿವೆ. ನೆರೆಯವರಿಗೆ ಕೇಳಿಸದಂತೆ ಅವು ಬಾಗಿಲು ಮುಚ್ಚಿಕೊಂಡು ಅಳುತ್ತವೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪ್ಯಾಕೆಟ್ಟು ಬಂತು.

ಕೊನೆಗೊಮ್ಮೆ ಮನೆಯವರು ಧೈರ್ಯ ಮಾಡಿ ಮಗನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುತ್ತಾರೆ. ವಾರ ಕಳೆದು ನೋಡಲು ಹೋದಾಗ ಅವನ ಕೈ ನಡುಗುತ್ತಿಲ್ಲ, ಮುಖಕ್ಕೆ ಕಳೆ ಬಂದಿದೆ, ನಮಾಝ್ ಕೂಡ ಶುರು ಮಾಡಿದ್ದಾನೆ. "ಅಮ್ಮೀ, ಇನ್ನು ಮುಟ್ಟುವುದಿಲ್ಲ, ಮನೆಗೆ ಕರೆದುಕೊಂಡು ಹೋಗು" ಎಂದು ಅಳುತ್ತಾನೆ. ತಾಯಿಯ ಕರುಳು ಕರಗುತ್ತದೆ. ಅತ್ತ ಭತ್ತದ ಕಟಾವು ಬಂದಿರುತ್ತದೆ, ಅಕ್ಕಿ ಗಿರಣಿಯ ಕೆಲಸ ಕೈತಪ್ಪುವ ಭಯವಿರುತ್ತದೆ, ತಂಗಿಯ ನಿಕಾಹ್‌ಗೆ ದಿನ ಗೊತ್ತಾಗಿರುತ್ತದೆ. ಕರೆತರುತ್ತಾರೆ. ಸ್ವಲ್ಪ ದಿನಗಳಲ್ಲೇ ಅವನು ಮತ್ತೆ ಬಾಟಲಿ ಹಿಡಿದರೆ, "ಚಿಕಿತ್ಸೆಯಿಂದ ಏನೂ ಆಗಲಿಲ್ಲ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಚಿಕಿತ್ಸೆ ಆಗ ತಾನೇ ಆರಂಭವಾಗುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಅದನ್ನು ಜಿನ್ನ್ ಕಾಟವೆಂದು ತಿಳಿದು ತಾಯಿತಕ್ಕಾಗಿ ಓಡಾಡುತ್ತಾ ಕುಳಿತರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಔಷಧಿಯ ಜೊತೆಗೆ ಥಯಾಮಿನ್ ಎಂಬ ಜೀವಸತ್ವ ಕೊಟ್ಟು ಈ ಹಂತವನ್ನು ದಾಟಿಸುತ್ತಾರೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ ಬೇಕು. ನೀವು ನೋಡಲು ಹೋದಾಗ ಕಂಡ ಕಳೆ ಇದರದು. ಮದ್ಯ ದೇಹದಿಂದ ಹೊರಗೆ ಹೋಗಿದೆ, ಅಷ್ಟೇ.

ಮನಸ್ಸಿನ ಲೆಕ್ಕ ಬೇರೆ. ನಿದ್ದೆಗೇಡು, ಸಿಡುಕು, ಕಾರಣವಿಲ್ಲದ ದುಃಖ, ಇದ್ದಕ್ಕಿದ್ದಂತೆ ಏಳುವ ಕುಡಿತದ ಹಂಬಲ ತಿಂಗಳುಗಟ್ಟಲೆ ಇರುತ್ತವೆ. ಸಂಬಳದ ದಿನ, ಹಳೆಯ ಗೆಳೆಯನ ಮೋಟಾರ್ ಸೈಕಲ್ ಸದ್ದು, ಹೆಂಡತಿಯೊಂದಿಗೆ ಒಂದು ಮಾತು, ಇವುಗಳಲ್ಲಿ ಯಾವುದಾದರೂ ಸಾಕು. ತನ್ನನ್ನು ಬೀಳಿಸುವುದು ಯಾವುದು ಎಂದು ಅವನೇ ಗುರುತಿಸಬೇಕು, ಆ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಅಭ್ಯಾಸ ಮಾಡಬೇಕು. ದೀರ್ಘ ವಾಸದಲ್ಲಿ ನಡೆಯುವುದು ಇದೇ. ಹೊತ್ತಿಗೆ ಸರಿಯಾಗಿ ಏಳುವುದು, ಕೆಲಸ, ಸಲಹೆಗಾರರೊಂದಿಗೆ ಏಕಾಂತದ ಮಾತು, ತನ್ನಂತೆಯೇ ಬಿದ್ದು ಎದ್ದವರ ಜೊತೆ ಕುಳಿತು ಕೇಳುವುದು, ಹೆಂಡತಿ ಮತ್ತು ಹಿರಿಯರನ್ನು ಕರೆಸಿ ಮಾತಾಡಿಸುವುದು. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಚಿಕಿತ್ಸಾ ತತ್ವಗಳಲ್ಲಿ, ಕೇಂದ್ರದಲ್ಲಿದ್ದು ಪಡೆದರೂ ಹೊರಗಿನಿಂದ ಬಂದು ಪಡೆದರೂ 90 ದಿನಕ್ಕಿಂತ ಕಡಿಮೆಯ ಚಿಕಿತ್ಸೆಯ ಫಲ ಸೀಮಿತವೆಂದು ಹೇಳಿದೆ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಅವರೂ ಶಿಬಿರ ಮುಗಿದ ಮೇಲೆ ಕೈಬಿಡದೆ ನವಜೀವನ ಸಮಿತಿಗಳನ್ನು ಕಟ್ಟಿ ಸೇರಿಸುತ್ತಿರುವುದನ್ನು ಗಮನಿಸಿ.

ಎಲ್ಲರೂ ಮೂರು ತಿಂಗಳು ಒಳಗೇ ಇರಬೇಕೆಂದಲ್ಲ. ಚಟ ಇನ್ನೂ ಬಲವಾಗದವನಿಗೆ ಹೊರರೋಗಿಯಾಗಿ ಚಿಕಿತ್ಸೆ ಪಡೆದರೂ ಸಾಕಾಗಬಹುದು. ಆದರೆ ಮತ್ತೆ ಮತ್ತೆ ಬಿದ್ದವನು, ಮನೆಯ ಸುತ್ತಲೇ ಕುಡುಕರ ಕೂಟವಿರುವವನು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವನು, ಇಂಥವರ ವಿಷಯದಲ್ಲಿ ಅವಧಿಯನ್ನು ವೈದ್ಯರೇ ನಿರ್ಧರಿಸಲಿ.

ಇಷ್ಟು ಕಾಲ ಬೇಕೇ ಎನ್ನುವವರು ಮದೀನಾದ ದಿನಗಳನ್ನು ನೆನೆಯಲಿ. ಅಲ್ ಬಕರ, ಅನ್ನಿಸಾ, ಅಲ್ ಮಾಇದ ಅಧ್ಯಾಯಗಳಲ್ಲಿ ಮದ್ಯದ ನಿಷೇಧ ಹಂತಹಂತವಾಗಿ ಅವತೀರ್ಣವಾಯಿತು. ಮೊದಲಿಗೇ ಕುಡಿಯಬೇಡಿರೆಂಬ ಆಜ್ಞೆ ಬಂದಿದ್ದರೆ ಜನರು ಬಿಡಲಾರೆವು ಎನ್ನುತ್ತಿದ್ದರೆಂಬ ಅರ್ಥದ ಮಾತನ್ನು ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಕುಡಿತಕ್ಕಾಗಿ ಹಲವು ಸಲ ಶಿಕ್ಷೆಗೊಳಗಾದ ಒಬ್ಬನನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ಅವರು ತಡೆದು, ಅವನಲ್ಲಿ ಅಲ್ಲಾಹನ ಮತ್ತು ಸಂದೇಶವಾಹಕರ ಪ್ರೀತಿಯಿದೆ ಎಂದರು. ನಾವಾದರೋ ಅಂಥವನ ಹೆಣ್ಣುಮಕ್ಕಳ ಸಂಬಂಧವನ್ನೇ ಬೇಡವೆನ್ನುತ್ತೇವೆ! ಈ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ದೇಶದಲ್ಲಿ ಮದ್ಯಕ್ಕೆ ದಾಸರಾದ 180 ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದೆಯೆಂದು 2019ರಲ್ಲಿ ಪ್ರಕಟವಾದ ಸರಕಾರಿ ಸಮೀಕ್ಷೆ ತಿಳಿಸಿತು.

ಒಂದು ಎಚ್ಚರ. ದೀರ್ಘ ವಾಸವೆಂದರೆ ಎಲ್ಲೋ ಕೂಡಿಹಾಕುವುದಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದಾಗುವ ಮನೋರೋಗಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕುವುದನ್ನು ಅದು ನಿಷೇಧಿಸಿದೆ. ಆದ್ದರಿಂದ ಸೇರಿಸುವ ಮುನ್ನ ನೋಂದಣಿ ಇದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರು ಬಂದು ನೋಡಬಹುದೇ ಎಂದು ಕೇಳಿ. ನೋಡಲು ಬಿಡದ ಕಡೆ ಬಿಟ್ಟು ಬರಬೇಡಿ.

ಮೊದಲು ಕೊಪ್ಪಳದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ. ಕೊಪ್ಪಳದಿಂದ ಹುಬ್ಬಳ್ಳಿಯ ಕಡೆಗೆ ರೈಲಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446 ಸಂಖ್ಯೆಗೆ ಕರೆ ಮಾಡಿ, ಹಣ ಬೇಕಿಲ್ಲ. ಜಮಾಅತ್‌ನ ಹಿರಿಯರೇ, ದುಡಿಯುವವನು ಮೂರು ತಿಂಗಳು ಹೊರಗಿದ್ದರೆ ಆ ಮನೆಯ ಒಲೆ ಉರಿಯುವುದು ಹೇಗೆ? ಬಡ ಕುಟುಂಬಕ್ಕೆ ಝಕಾತ್ ಸಲ್ಲುತ್ತದೆ. ಹೆಸರು ಹೊರಗೆ ಬಾರದಂತೆ ಅಕ್ಕಿ, ಬೇಳೆ, ಮಕ್ಕಳ ಫೀಸು ಮುಟ್ಟಿಸಿ. ಬಿಡುಗಡೆಯ ದಿನ ಮುಂದಿನ ಭೇಟಿಯ ತಾರೀಕನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ದಿನ ಅವನೊಬ್ಬನನ್ನೇ ಕಳುಹಿಸದೆ ಮನೆಯಿಂದ ಒಬ್ಬರು ಜೊತೆಗೆ ಹೋಗಿ.