ಕೊಕ್ಕರೆಗಳು ಎಲ್ಲಿಂದ ಬಂದವು?
ಯೌವನಸ್ಥರ ಕೂಟದ ಸಂದೇಶ, ಶ್ರೀನಗರ. ವಾಕ್ಯಭಾಗ: ಲೂಕ 5:1-11



ರಾತ್ರಿಯೆಲ್ಲಾ ಕಷ್ಟಪಟ್ಟರೂ ಸೀಮೋನನಿಗೆ ಏನೂ ಸಿಗಲಿಲ್ಲ. ಕರ್ತನ ಮಾತಿನ ಮೇಲೆ ಮತ್ತೆ ಬಲೆ ಹಾಕಿದ. ಎರಡು ದೋಣಿಗಳೂ ತುಂಬಿ ಮುಳುಗೋ ಹಾಗಾದವು! ಈ ಅದ್ಭುತವನ್ನ ಕ್ಯಾಲೆಂಡರ್‌ನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ನೀವು ನೋಡಿರ್ತೀರಿ, ಅಲ್ವಾ? ಕ್ಯಾಮೆರಾ ಇಲ್ಲದ ಕಾಲದಲ್ಲಿ ಜನ ಹೇಗೆ ನೋಡ್ತಿದ್ರು?

1515-16ರ ಸುಮಾರಿಗೆ ಇಟಲಿಯ ರಫಾಯೆಲ್ ಈ ಘಟನೆಯನ್ನ ದೊಡ್ಡ ಕಾಗದದ ಮೇಲೆ ಬಣ್ಣದಲ್ಲಿ ಬರೆದ. ಪೋಪ್ 10ನೇ ಲಿಯೋ ನೇಯಿಸಿದ ಪರದೆಗಳಿಗೆ ಅದು ಮಾದರಿ. ಅಂಥ ಏಳು ಮಾದರಿಗಳು ಮುಂದೆ ಇಂಗ್ಲೆಂಡಿನ ಅರಮನೆ ಸೇರಿದವು. ಫ್ರೆಂಚ್ ಕೆತ್ತನೆಗಾರ ನಿಕೊಲಾ ದೊರಿನ್ಯಿ ಅಲ್ಲಿಗೇ ಹೋಗಿ, ವರ್ಷಗಟ್ಟಲೆ ದುಡಿದು, ಏಳನ್ನೂ ತಾಮ್ರದ ಹಲಗೆಗಳಲ್ಲಿ ಗೆರೆಗೆರೆಯಾಗಿ ಕೊರೆದು 1719ರಲ್ಲಿ ಹೊರತಂದ. ಗೆರೆಗಳಿಗೆ ಮಸಿ ತುಂಬಿ, ಮೇಲೆ ಒರೆಸಿ, ಒದ್ದೆ ಕಾಗದ ಇಟ್ಟು ಒತ್ತಿದರೆ ಚಿತ್ರ ಬರುತ್ತೆ. ಒಂದು ಹಲಗೆ, ಅನೇಕ ಪ್ರತಿ.

ಅಚ್ಚಿನ ಬಲ ಇದೇ. ನಮ್ಮ ಮಂಗಳೂರಿನಲ್ಲೂ ಬಾಸೆಲ್ ಮಿಷನ್‌ನವರು 1841ರಲ್ಲಿ ಕಲ್ಲಚ್ಚು ಶುರುಮಾಡಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಬಂತು. ಆದರೆ ಗಮನಿಸಿ: ಅಚ್ಚು ಮೂಲದಲ್ಲಿ ಇದ್ದದ್ದನ್ನೂ ಹರಡುತ್ತೆ, ಸೇರಿಸಿದ್ದನ್ನೂ ಹರಡುತ್ತೆ.

ರಫಾಯೆಲ್ ದಡದಲ್ಲಿ ಕೊಕ್ಕರೆಗಳನ್ನ ಬರೆದ. ಲೂಕ 5ರಲ್ಲಿ ಕೊಕ್ಕರೆ ಎಲ್ಲಿದೆ? ಹುಡುಕಿ, ಇಲ್ಲ. ದೊರಿನ್ಯಿ ಅವನ್ನೂ ನಿಷ್ಠೆಯಿಂದ ಕೊರೆದ. ಅವನ ತಪ್ಪಲ್ಲ, ಅವನಿಗೆ ಮೂಲ ಅಂದ್ರೆ ರಫಾಯೆಲ್. ನಮಗೆ ಮೂಲ ದೇವರ ವಾಕ್ಯ. ರಫಾಯೆಲ್ ಬರೆದದ್ದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಯೇಸುವಿನ ನಿಲುವಂಗಿ ಬೆಳ್ಳಗಿದೆ, ಆದರೆ ನೀರಿನಲ್ಲಿ ಅದರ ನೆರಳು ಕೆಂಪು! ಬಟ್ಟೆಯ ಬಣ್ಣ ಮಾಸಿಹೋಗಿದೆ. ಮನುಷ್ಯನ ಮೂಲ ಮಾಸುತ್ತೆ, ವಾಕ್ಯ ಮಾಸಲ್ಲ. ಆಮೆನ್?

ಈಗ ನಮ್ಮ ಸಾಕ್ಷಿಗೆ ಬರೋಣ. ಒಬ್ಬ ಸಹೋದರನಿಗೆ ಪ್ರಾರ್ಥನೆಯಲ್ಲಿ ಜ್ವರ ಬಿಟ್ಟಿತು. ದೇವರಿಗೆ ಸ್ತೋತ್ರ! ಮೂರು ಗ್ರೂಪ್ ದಾಟೋ ಹೊತ್ತಿಗೆ ಅದೇ ಸಾಕ್ಷಿಯಲ್ಲಿ ಐಸಿಯು ಬಂತು, ವೆಂಟಿಲೇಟರ್ ಬಂತು, ಡಾಕ್ಟರು ಕೈಬಿಟ್ಟರು ಅಂತಲೂ ಬಂತು. ಇವೆಲ್ಲ ಕೊಕ್ಕರೆಗಳು, ಪ್ರಿಯರೇ! ನಿಮ್ಮ ಆಫೀಸಿನ ಗೆಳೆಯ ಒಂದು ಕೊಕ್ಕರೆ ಸುಳ್ಳು ಅಂತ ಕಂಡುಹಿಡಿದರೆ ಸಾಕು, ಆಮೇಲೆ ಮೀನನ್ನೂ ನಂಬಲ್ಲ, ಕರ್ತನನ್ನೂ ನಂಬಲ್ಲ. ಒಂದು ಆತ್ಮ ದೂರ ಹೋಯಿತು.

ಲೂಕ ಇಲ್ಲಿ ಮೀನಿನ ಲೆಕ್ಕ ಕೂಡ ಬರೆದಿಲ್ಲ. ಪೇತ್ರ ಹೆಚ್ಚು ಮಾತಾಡಲಿಲ್ಲ. ತಾನು ಪಾಪಿ ಅಂತ ಒಪ್ಪಿಕೊಂಡು ಯೇಸುವಿನ ಪಾದಕ್ಕೆ ಬಿದ್ದ. ದೇವರ ಕೆಲಸಕ್ಕೆ ನಮ್ಮ ಅಲಂಕಾರ ಬೇಕಾಗಿಲ್ಲ.

ಈ ವಾರ ಒಂದು ಸಾಕ್ಷಿ ಫಾರ್ವರ್ಡ್ ಮಾಡೋ ಮುಂಚೆ ಅದು ಯಾರಿಗೆ ನಡೆಯಿತೋ ಅವರಿಗೇ ಫೋನ್ ಮಾಡಿ ಕೇಳಿ. ನಿಮ್ಮ ಸ್ವಂತ ಸಾಕ್ಷಿಯನ್ನ ನಡೆದಷ್ಟೇ ಬರೆಯಿರಿ. ಚಿಕ್ಕದಾದರೂ ಪರವಾಗಿಲ್ಲ, ನಿಜವಾಗಿರಲಿ. ಪ್ರಾರ್ಥಿಸೋಣ: ಕರ್ತನೇ, ನಮ್ಮ ತುಟಿಗಳನ್ನು ಕಾಯಿ. ಆಮೆನ್.